ಟೇಪ್ ಹಚ್ಚಬ್ಯಾಡ್ರಪ್ಪೋ
ಹಳೇ ಪುಸ್ತಕದ ಹಾಳಿ ಹರಿದ್ರ ಸಾಕು, ಕಾಲೇಜು ಲೈಬ್ರರಿಯೊಳಗ ಮೊದಲು ಕೈಗೆ ಬರೋದು ಸೆಲ್ಲೋಟೇಪ್. ಅದರ ಅಂಟು ವರ್ಷ ಕಳೆದಂಗ ಹಳದಿ ಆಗಿ ಕಾಗದದೊಳಗ ಇಳೀತದ. ರಾಯಚೂರಿನ 40 ಡಿಗ್ರಿ ಬ್ಯಾಸಗ್ಯಾಗಂತೂ ಜಿನುಗಿ ಪಕ್ಕದ ಹಾಳಿಗೂ ಹತ್ತಿಕೊಳ್ತದ. ಪ್ಲಾಸ್ಟಿಕ್ ಉದುರ್ತದ, ಕಲೆ ಉಳೀತದ. ಕೀಳಾಕ ಹೋದ್ರ ಅಕ್ಷರಾನೂ ಕಿತ್ತು ಬರ್ತಾವ. ನಿಜಾಮರ ಕಾಲದ ಕಾಗದಪತ್ರಕ್ಕೂ ಇದೇ ಗತಿ ಅಂದ್ರ ಏನು ಹೇಳೋದು!

ಹರಿದದ್ದು ಕೂಡಿಸಾಕ ಬೇಕಾಗೋದು ತೆಳ್ಳನ ಜಪಾನಿ ಟಿಶ್ಯೂ (ಉದ್ದ ನಾರಿನ ಗಟ್ಟಿ ಕಾಗದ), ಗೋಧಿ ಪಿಷ್ಟದ ಅಂಟು, ಅಷ್ಟ. ಟಿಶ್ಯೂ ಪಟ್ಟಿಗೆ ಕತ್ತರಿ ಹಾಕಬಾರದು. ಒದ್ದಿ ಕುಂಚದಿಂದ ಗೆರಿ ಎಳದು ಹರೀಬೇಕು, ಅಂಚಿನ ನಾರು ಹಿಡಿತ ಕೊಡ್ತಾವ. ಪಟ್ಟಿಗೆ ಅಂಟು ತೆಳ್ಳಗ ಸವರಿ, ಹರಿದ ಜಾಗಕ್ಕ ಹಚ್ಚಿ, ಹಾಳಿಯ ಎರಡೂ ಕಡೆ ಅಂಟದ ಪಾಲಿಯೆಸ್ಟರ್ ಬಟ್ಟಿ, ಅದರ ಮ್ಯಾಲೆ ಬ್ಲಾಟಿಂಗ್ ಪೇಪರ್ ಇಟ್ಟು, ಭಾರ ಹೇರಿ ಒಣಗಿಸ್ರಿ. ಬಡಗೇರ ಬಿಳಿ ಅಂಟು ಬ್ಯಾಡ, ಒಣಗಿದ ಮ್ಯಾಲೆ ಬಿಡಿಸಾಕ ಬರಲ್ಲ. ಲ್ಯಾಮಿನೇಷನ್ ಮಾಡಿಸೋರಿಗಂತೂ ದೂರದಿಂದಲೇ ನಮಸ್ಕಾರ.