ದೇವರು, ಮೈಲುತುತ್ತ ಮತ್ತು ನಾಲ್ಕು ತಾಸು ಹೊಳವು

ಮಲೆನಾಡಿನ ಅಡಿಕೆ ತೋಟದವರು ದೇವರ ಹತ್ತಿರ ಕೇಳುವುದು ಮೋಕ್ಷವನ್ನಲ್ಲ, ಹೊಳವನ್ನು. ಅದೂ ದಿನಗಟ್ಟಲೆ ಏನಲ್ಲ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಮಳೆ ಬಿಡುವು ಕೊಟ್ಟರೆ ಸಾಕು, ಕೊಳೆರೋಗಕ್ಕೆ ಎರಡನೇ ಔಷಧಿ ಹೊಡೆದು ಅರ್ಧ ತೋಟ ಮುಗಿಯುತ್ತದೆ. ಇಷ್ಟು ಸಣ್ಣ ಅರ್ಜಿ ಹಾಕಿದವರನ್ನು ಪುಷ್ಯ ನಕ್ಷತ್ರದ ಮಳೆ ಹದಿನಾಲ್ಕು ದಿನ ಜಗುಲಿಯಲ್ಲಿ ಕೂರಿಸುತ್ತದೆ.

ಮೊದಲನೇ ಔಷಧಿಗೆ ದೇವರ ಸಹಾಯ ಅಷ್ಟಾಗಿ ಬೇಕಾಗುವುದಿಲ್ಲ. ಮಳೆ ಹಿಡಿಯುವ ಮೊದಲೇ ಹೊಡೆಯುವಂಥದ್ದು, ಗೊನೆ ಒಣಗಿರುತ್ತದೆ, ಮರ ಜಾರುವುದಿಲ್ಲ. ತಕರಾರು ಎರಡನೆಯದರದು. ನಲವತ್ತರಿಂದ ನಲವತ್ತೈದು ದಿನಕ್ಕೆ ಅದನ್ನು ಹೊಡೆಯಬೇಕು. ಜೂನ್ ಮೊದಲ ವಾರದಿಂದ ಬೆರಳು ಮಡಿಚಿದರೆ ಲೆಕ್ಕ ನೆಟ್ಟಗೆ ಹೋಗಿ ಪುಷ್ಯದ ಬಾಗಿಲಲ್ಲೇ ನಿಲ್ಲುತ್ತದೆ. ಪಂಚಾಂಗ ಬರೆದವರಿಗೂ ಕೊಳೆರೋಗಕ್ಕೂ ಏನೋ ಒಳಒಪ್ಪಂದ ಇರಬೇಕು.

ಕೊಳೆಯ ಶಿಲೀಂಧ್ರಕ್ಕೆ ಈಜು ಬರುತ್ತದೆ, ಅದೇ ನಮ್ಮ ಕರ್ಮ. ಅದರ ಬೀಜಕಣಗಳು ಗೊನೆಯ ಮೇಲೆ ಕೂತ ನೀರಿನ ಪದರದಲ್ಲಿ ಈಜಿ ಕಾಯಿಂದ ಕಾಯಿಗೆ ಹೋಗುತ್ತವೆ. ಥಂಡಿ, ತೇವ, ನಡುನಡುವೆ ಇಣುಕಿ ಹೋಗುವ ಎಳೆಬಿಸಿಲು, ಇವು ಮೂರೂ ಅದಕ್ಕೆ ಮದುವೆ ಊಟ. ಮೊದಲು ತೊಟ್ಟಿನ ಬುಡದಲ್ಲಿ ನೀರು ಕುಡಿದಂಥ ಕಡುಹಸಿರು ಕಲೆ, ಆಮೇಲೆ ಬಿಳಿ ಬೂಸ್ಟು, ಆಮೇಲೆ ಟಪ್. ಹೀಗಾಗಿ ಜುಲೈನಲ್ಲಿ ತೋಟಕ್ಕೆ ಹೋದವರು ತಲೆಯೆತ್ತಿ ಗೊನೆ ನೋಡುವುದಿಲ್ಲ, ತಲೆ ಬಗ್ಗಿಸಿ ನೆಲ ನೋಡುತ್ತಾರೆ. ದೂರದಿಂದ ನೋಡಿದರೆ ಭಕ್ತಿ ಅನ್ನಿಸುತ್ತದೆ. ಎಣಿಸುತ್ತಿರುವುದು ಉದುರಿದ ಕಾಯಿ. ಬಿದ್ದಿದ್ದನ್ನು ಹೆಕ್ಕಿ ತೋಟದಿಂದ ಆಚೆ ಹಾಕದಿದ್ದರೆ ರೋಗ ಅಲ್ಲೇ ಸಂಸಾರ ಹೂಡುತ್ತದೆ, ಹೆಕ್ಕಲು ಬಗ್ಗಿದರೆ ಇಂಬಳ (ಜಿಗಣೆ) ಕಾಲಿಗೆ ಸಂಸಾರ ಹೂಡುತ್ತದೆ.

ಇನ್ನು ಆ ಔಷಧಿ, ಅಂದರೆ ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿಗೆ ಕಳ್ಳರು ಕೈ ಹಾಕದಿರಲಿ ಎಂದು ತಾಮ್ರ, ಸುಣ್ಣ ಬಳಿಯುತ್ತಿದ್ದರಂತೆ. ಬಳಿದ ಬಳ್ಳಿಗೆ ಬೂಜುರೋಗವೂ ಕೈ ಹಾಕಲಿಲ್ಲ. ಅದನ್ನು ಗಮನಿಸಿದ ಮಿಲಾರ್ದೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಲೋಕಕ್ಕೆ ಸಾರಿದರು. ನಮ್ಮ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಮೇಲೆ ವರದಿ ಬರೆದರು, ದ್ರಾವಣ ಅಡಿಕೆ ಮರ ಹತ್ತಿತು. ಅದಕ್ಕೆ ಮೊದಲು ಗೊನೆಗೆ ಮಳೆ ತಾಗದಂತೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ದೇವರ ಮೇಲೆ ಭಾರ ಹಾಕುತ್ತಿದ್ದರು. ಈಗ ದ್ರಾವಣ ಹೊಡೆದು ಭಾರ ಹಾಕುತ್ತೇವೆ.

ಹೇಳಲು ಸುಲಭ: ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಕೆಡಿಸಲು ದಾರಿ ಮಾತ್ರ ಬೇಕಾದಷ್ಟು. ಮೈಲುತುತ್ತವನ್ನು ಡ್ರಮ್ಮಿನ ತಳಕ್ಕೆ ಸುರಿದರೆ ಬೆಳಗಿನವರೆಗೂ ಕಲ್ಲಿನ ಹಾಗೆ ಕೂತಿರುತ್ತದೆ. ಬಟ್ಟೆಯಲ್ಲಿ ಗಂಟು ಕಟ್ಟಿ ಐವತ್ತು ಲೀಟರ್ ನೀರಿನ ಮೇಲ್ಭಾಗಕ್ಕೆ ಮುಳುಗುವಂತೆ ನೇತುಹಾಕಬೇಕು. ಕರಗಿದ ನೀರು ಭಾರವಾಗಿ ತಾನೇ ಕೆಳಗಿಳಿಯುತ್ತದೆ. ಸುಣ್ಣವನ್ನು ಇನ್ನೊಂದು ಐವತ್ತು ಲೀಟರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಬೇಕು. ಸೋಸದಿದ್ದರೆ ಆ ಹರಳು ಹೋಗಿ ನಾಜಲ್ಲಿಗೇ ಕೂರುತ್ತದೆ, ಮರದ ತುದಿಯಿಂದ ಬರುವ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಸುಣ್ಣ ಅರಳಿದ ಬಿಸಿ ಪೂರ್ತಿ ಆರಿದ ಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತ ಮರದ ಕೋಲಿನಲ್ಲಿ ತಿರುಗಿಸಬೇಕು. ಪ್ಲಾಸ್ಟಿಕ್ ಡ್ರಮ್ ಆಗಬಹುದು, ಕಬ್ಬಿಣದ ಬ್ಯಾರೆಲ್ ಬೇಡವೇ ಬೇಡ.

ಬಣ್ಣ ಚೆನ್ನಾಗಿ ಆಕಾಶನೀಲಿ ಬಂತು ಎಂದು ಹಿಗ್ಗುವವರು ಹೊಸ ಚಾಕುವೊಂದನ್ನು ಒಂದು ನಿಮಿಷ ಅದರಲ್ಲಿ ಅದ್ದಿ ನೋಡಬೇಕು. ಅಲಗಿಗೆ ಕೆಂಪು ಹತ್ತಿದರೆ ಹುಳಿ ಉಳಿದಿದೆ ಎಂದರ್ಥ, ಇನ್ನಷ್ಟು ಸುಣ್ಣ ಬೇಕು. ಹಾಗೇ ಹೊಡೆದರೆ ಕೊಳೆಗಿಂತ ಮೊದಲು ಔಷಧಿಯೇ ಎಳೆಗಾಯಿ ಸುಡುತ್ತದೆ. ಸಾಮಾನ್ಯವಾಗಿ ತಪ್ಪು ಹೋದ ವರ್ಷ ಬಾಯಿ ಬಿಚ್ಚಿಟ್ಟ ಸುಣ್ಣದ ಚೀಲದ್ದು. ಅದು ಗಾಳಿ ಕುಡಿದು ಯಾವತ್ತೋ ಸತ್ತಿರುತ್ತದೆ, ನಾವು ಹೆಣವನ್ನು ತೂಕ ಮಾಡಿ ಹಾಕಿರುತ್ತೇವೆ.

ಇಷ್ಟೆಲ್ಲ ಮುಗಿದು, ಚಾಕು ಬೆಳ್ಳಗೆ ಹೊರಬಂದು, ಮರ ಹತ್ತುವ ಕೊನೆಗಾರ ಕಾಲಿಗೆ ತಳೆ ಸಿಕ್ಕಿಸುವ ಹೊತ್ತಿಗೆ ಮಳೆ ಬರುತ್ತದೆ. ಇದಕ್ಕೆ ಹವಾಮಾನ ಇಲಾಖೆಯ ಎಚ್ಚರಿಕೆ ಬೇಡ, ಡ್ರಮ್ಮಿನಲ್ಲಿ ದ್ರಾವಣ ಇದೆ ಎಂಬುದೇ ಸಾಕು. ಬೆರೆಸಿದ್ದನ್ನು ಅವತ್ತೇ ಹೊಡೆಯಬೇಕು. ನಾಳೆಗಿಟ್ಟರೆ ತಳಕ್ಕೆ ಕೂತು ಹರಳುಗಟ್ಟಿ ಅಂಟುವ ಗುಣ ಕಳೆದುಕೊಳ್ಳುತ್ತದೆ. ಒಂದು ಚೂರು ಬೆಲ್ಲ ಕರಗಿಸಿದರೆ ಕೆಡುವುದು ತಡವಾಗುತ್ತದೆ ಎಂಬುದು ನಿಜವೇ. ಆದರೆ ಬೆಲ್ಲ ತರಲು ಒಳಗೆ ಹೋದವರು ಅರ್ಧ ಅಚ್ಚನ್ನು ಗಣಪತಿಯ ಮುಂದಿಟ್ಟು ಬರುತ್ತಾರೆ. ಜಾಣರು ಮೈಲುತುತ್ತ ಬೇರೆ, ಸುಣ್ಣ ಬೇರೆ ಇಟ್ಟುಕೊಂಡು, ಹೊಳವು ಕಂಡಮೇಲೇ ಬೆರೆಸುತ್ತಾರೆ. ಬೇರೆಯಾಗಿ ಮುಚ್ಚಿಟ್ಟರೆ ಎರಡಕ್ಕೂ ಕಾಯುವ ತಾಳ್ಮೆ ಇದೆ. ಇಲ್ಲದಿರುವುದು ನಮಗೆ.

ಈ ಹದಿನಾಲ್ಕು ದಿನದಲ್ಲಿ ಮನೆಯೊಳಗೆ ತುಸು ಬೆಚ್ಚಗಿರುವ ಜಾಗ ಎರಡೇ, ಒಲೆಯ ಮುಂದೆ ಮತ್ತು ದೇವರ ಮುಂದೆ. ಒಲೆಯ ಮುಂದೆ ಬೆಕ್ಕು ಮೊದಲೇ ಕೂತಿರುವುದರಿಂದ ಮನುಷ್ಯರಿಗೆ ಉಳಿಯುವುದು ದೇವರು. ಅಲ್ಲಿಯೂ ಕೆಲಸ ಸುಲಭವಲ್ಲ. ಬೆಂಕಿಪೊಟ್ಟಣ ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟಿದ್ದರೆ ಮೂರನೇ ಕಡ್ಡಿಗೆ ಹತ್ತುತ್ತದೆ, ಗೂಡಿನಲ್ಲಿಟ್ಟಿದ್ದರೆ ಮದ್ದು ಕರಗಿ ಬೆರಳಿಗೆ ಬರುತ್ತದೆ. ಬತ್ತಿಯನ್ನು ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ನೆನೆಸಿಡಬೇಕು, ಥಂಡಿ ಎಳೆದ ಹತ್ತಿ ಚಟಪಟ ಅಂದು ಆರುತ್ತದೆ. ಊದುಬತ್ತಿಗೆ ಬೂಸ್ಟು, ಗಂಧದ ಕೊರಡಿಗೆ ಬೂಸ್ಟು. ಮೊದಲ ದಿನ ಸ್ತೋತ್ರ. ಮೂರನೇ ದಿನ ಹರಕೆ, ಅದೂ ಕಂತಿನಲ್ಲಿ ಏರುತ್ತ ಹೋಗುತ್ತದೆ. ಆರನೇ ದಿನ ಹರಕೆಯೂ ಮುಗಿದು, ಪಕ್ಕದ ಮನೆಯವರ ಹತ್ತಿರ ಮಾತಾಡಿದ ಹಾಗೆ ಸುಮ್ಮನೆ ಮಾತು. ಇವತ್ತು ಎಷ್ಟು ಉದುರಿತು, ಕರೆಂಟು ಎಷ್ಟೊತ್ತಿಗೆ ಹೋಯಿತು, ಕೊನೆಗಾರ ಫೋನ್ ಎತ್ತಲಿಲ್ಲ. ದೇವರಿಗೂ ಈ ಆರನೇ ದಿನದ ಭಾಷೆಯೇ ಹಿಡಿಸುತ್ತದೆ ಎಂಬುದು ನನ್ನ ಗುಮಾನಿ. ಸ್ತೋತ್ರವಾದರೆ ವರ್ಷವಿಡೀ ಕೇಳಿದ್ದೇ.

ಒಂದು ವಾದವಂತೂ ಎಲ್ಲ ಮನೆಯಲ್ಲೂ ಬಂದೇ ಬರುತ್ತದೆ. ಪೂಜೆಗೆ ಕೂತಾಗ ಅಕ್ಕಿಯ ಮೇಲೆ ಅಡಿಕೆ ಇಟ್ಟು ಅದರಲ್ಲೇ ಗಣಪತಿಯನ್ನು ಕರೆದು ಕೂರಿಸುವುದು ವಾಡಿಕೆ. 'ಉದುರುತ್ತಿರುವುದು ನಿನ್ನ ಪೀಠ, ನೋಡಿಕೋ' ಎಂದು ಹೇಳಿ ಏಳುತ್ತಾರೆ. ಹೆದರಿಸಿದ್ದೋ ಕಾಳಜಿಯೋ ಗೊತ್ತಾಗುವುದಿಲ್ಲ.

ದೇವರ ಕಡೆಯಿಂದಲೂ ಯೋಚಿಸಬೇಕು. ಶೃಂಗೇರಿ ಹತ್ತಿರದ ಕಿಗ್ಗದ ಋಷ್ಯಶೃಂಗನಿಗೆ ಮಳೆ ಬಾ ಎಂದೂ ಹರಕೆ, ಮಳೆ ಸಾಕು ಎಂದೂ ಹರಕೆ. ಬೇರೆ ಬೇರೆ ಊರಿನವರಾದರೆ ಸಮಾಧಾನ ಹೇಳಬಹುದು. ಇಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿ 1,819 ಅಡಿ ಮುಟ್ಟಲಿ ಎಂದು ಪೇಪರ್ ಓದಿ ಹಾರೈಸುವವರೂ, ನಮ್ಮ ತೋಟದ ಮೇಲೊಂದು ನಿಲ್ಲಿಸು ಎನ್ನುವವರೂ ಒಂದೇ ಕುರ್ಚಿಯಲ್ಲಿ ಕೂತಿರುತ್ತಾರೆ.

ಹತ್ತನೇ ದಿನಕ್ಕೆ ಪ್ರಸಾದ ಕೇಳುವ ಹಂತ. ಮೂರ್ತಿಯ ಎಡಬಲಕ್ಕೆ ಒಂದೊಂದು ಹೂ ಇಟ್ಟು ಕಾಯುವುದು. ಬಲದ್ದು ಬಿದ್ದರೆ ಇವತ್ತು ಬೆರೆಸಬಹುದು, ಎಡದ್ದು ಬಿದ್ದರೆ ಇಲ್ಲ. ಬೇಸಿಗೆಯಲ್ಲಿ ಐದು ನಿಮಿಷದಲ್ಲಿ ಇತ್ಯರ್ಥ. ಆಷಾಢದಲ್ಲಿ ಸಿಗುವುದು ನೆಂದ ದಾಸವಾಳ, ಕಲ್ಲೂ ಬೆವರಿರುತ್ತದೆ. ಎಸಳು ಅಂಟು ಹಾಕಿದಂತೆ ಹಿಡಿದು ಕೂರುತ್ತದೆ. ದ್ರಾವಣಕ್ಕೆ ರಾಳ ಬೆರೆಸಿದರೂ ಅಷ್ಟು ಅಂಟುವುದಿಲ್ಲ. ಅರ್ಧ ಗಂಟೆಯಾದರೂ ಎಡವೂ ಇಲ್ಲ, ಬಲವೂ ಇಲ್ಲ. ಜೋರಾಗಿ ಉಸಿರು ಬಿಡಬೇಡಿ ಎಂದು ಹಿರಿಯರು ಗದರುತ್ತಾರೆ. ಹೊರಗೆ ಸೂರಿನ ನೀರು ಧಾರೆ ಕಡಿದು ಹನಿಗೆ ಬಂದಿದೆ, ಹಕ್ಕಿಯೊಂದು ಕೂಗಿದೆ, ಅಂಗಳದಲ್ಲಿ ಯಾರೋ ಡ್ರಮ್ಮಿನ ಮುಚ್ಚಳ ತೆಗೆದ ಸದ್ದು. ಬಲಗಡೆಯ ದಾಸವಾಳದ ತೊಟ್ಟು ಒಂದು ಕೂದಲೆಳೆಯಷ್ಟು ಕೆಳಗೆ ಜಾರಿ, ಅಲ್ಲೇ ನಿಂತಿದೆ.