ಟ್ರವೆರಿನ್ ಗೋಡೆಯನ್ನು ಸರ್ಕಾರ ಕಾಯಬೇಕೇ?

ಪರ

ವೇಲ್ಸ್‌ನ ಅಬೆರಿಸ್ಟ್ವಿತ್ ಹತ್ತಿರ, ಹೆದ್ದಾರಿ ಪಕ್ಕದಲ್ಲಿ, ಹಳೇ ಮನೆಯೊಂದರ ಮುರುಕು ಗೋಡೆ ಇದೆ. ಕೆಂಪು ಬಣ್ಣದ ಮೇಲೆ ಬಿಳಿ ಅಕ್ಷರಗಳಲ್ಲಿ ‘ಟ್ರವೆರಿನ್ ಅನ್ನು ನೆನಪಿಡಿ’ ಎಂದು ವೆಲ್ಷ್ ಭಾಷೆಯಲ್ಲಿ ಬರೆದಿದೆ.

ಟ್ರವೆರಿನ್ ಕಣಿವೆಯ ಕಪೆಲ್ ಕೆಲಿನ್ ಪೂರ್ತಿ ವೆಲ್ಷ್ ಮಾತನಾಡುತ್ತಿದ್ದ ಪುಟ್ಟ ಹಳ್ಳಿ. ಶಾಲೆ, ಅಂಚೆ ಕಚೇರಿ, ಪ್ರಾರ್ಥನಾ ಮಂದಿರ, ಸುತ್ತ ಹೊಲಮನೆಗಳು. ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ನೀರು ಬೇಕಿತ್ತು. ವೇಲ್ಸ್‌ನ ಸ್ಥಳೀಯ ಆಡಳಿತದ ಒಪ್ಪಿಗೆಯ ಗೊಡವೆಯೇ ಬೇಡವೆಂದು ಆ ನಗರದ ಆಡಳಿತದವರು ನೇರ ಲಂಡನ್ ಸಂಸತ್ತಿಗೆ ಹೋದರು. ಕಣಿವೆಯಲ್ಲಿ ಜಲಾಶಯ ಕಟ್ಟಲು 1957ರಲ್ಲಿ ಕಾಯ್ದೆ ಆಯಿತು. ಊರಿನ 67 ಜನರಲ್ಲಿ 48 ಮಂದಿ ಮನೆ ಕಳೆದುಕೊಂಡರು. ಕೆಲವರು ತಮ್ಮವರ ಅವಶೇಷಗಳನ್ನು ಸಮಾಧಿಯಿಂದ ತೆಗೆದು ಬೇರೆ ಕಡೆ ಒಯ್ದರು. ಉಳಿದ ಸಮಾಧಿಗಳ ಮೇಲೆ ಕಾಂಕ್ರೀಟ್ ಸುರಿದರು. 1965ರಲ್ಲಿ ಜಲಾಶಯದ ಉದ್ಘಾಟನೆಯಾಯಿತು.

ಲಿವರ್‌ಪೂಲ್ ಕ್ಷಮೆ ಕೇಳಿದ್ದು 2005ರಲ್ಲಿ. ಊರಂತೂ ನೀರಿನಡಿ ಹೋಯಿತು. ದಾರಿಹೋಕರೂ ಓದುವಂತೆ ಆ ಹೆಸರು ಹೇಳುವುದು ಈ ಗೋಡೆ. 2019ರಲ್ಲಿ ಯಾರೋ ಇದರ ಮೇಲೆ ಗೀಚಿದರು, ಆಮೇಲೆ ಒಂದು ಭಾಗವನ್ನೇ ಕೆಡವಿದರು. ಇನ್ನೊಮ್ಮೆ ಹಾಗಾಗುವ ತನಕ ಸುಮ್ನೆ ಕಾಯಬೇಕಾ? ಕಾನೂನಿನ ರಕ್ಷಣೆ ಕೊಡಿ.

ವಿರೋಧ

ಆ ಗೋಡೆ ಬಿದ್ದಾಗ ಏನಾಯಿತು ನೋಡಿ. ಜನರೇ ಬಂದು ಕಲ್ಲು ಜೋಡಿಸಿದರು, ಬಣ್ಣ ಬಳಿದರು. ಅದೇ ಮಾತು ವೇಲ್ಸ್‌ನ ಉದ್ದಗಲಕ್ಕೂ ಬೇರೆ ಬೇರೆ ಗೋಡೆಗಳ ಮೇಲೆ ಬಂತು. ಯಾವ ಇಲಾಖೆಯೂ ಇಷ್ಟು ಚೆನ್ನಾಗಿ ಕಾಯಲಾರದು.

1960ರ ದಶಕದಲ್ಲಿ ಲೇಖಕ ಮೈಕ್ ಸ್ಟೀಫನ್ಸ್ ಇದನ್ನು ಬರೆದಾಗ ಯಾರ ಅನುಮತಿಯನ್ನೂ ಕೇಳಿರಲಿಲ್ಲ. ಅದು ಸಿಟ್ಟಿನ ಬರಹ. ಜಲಾಶಯದ ಉದ್ಘಾಟನೆಯಲ್ಲಿ ಧ್ವನಿವರ್ಧಕದ ತಂತಿ ಕತ್ತರಿಸಿ ಭಾಷಣ ಕೇಳಿಸದಂತೆ ಮಾಡಿದವರ ಸಿಟ್ಟೂ ಇದೇ. ಸ್ಮಾರಕವೆಂದು ಘೋಷಿಸಿದರೆ ಬೇಲಿ ಬರುತ್ತದೆ, ಫಲಕ ಬರುತ್ತದೆ. ನಾಳೆ ಮತ್ತೆ ಬಣ್ಣ ಬಳಿಯಲು ಬಂದವರು ಮೊದಲು ಅರ್ಜಿ ಹಾಕಬೇಕಾಗುತ್ತದೆ. ಕಾನೂನಿನ ಮೂಲಕವೇ ಊರು ಕಳೆದುಕೊಂಡವರ ನೆನಪನ್ನು ಮತ್ತೆ ಕಾನೂನಿನ ಕೈಗೇ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಅಲ್ಲಿ ಮುಳುಗಿದ್ದು ಕಲ್ಲು ಮಾತ್ರ ಅಲ್ಲ, ಅಲ್ವಾ? ಶಾಲೆಯಲ್ಲಿ, ಅಂಚೆ ಕಚೇರಿಯಲ್ಲಿ, ಹೊಲದಲ್ಲಿ ದಿನವಿಡೀ ವೆಲ್ಷ್ ಆಡುತ್ತಿದ್ದ ಬದುಕು. 2021ರ ಜನಗಣತಿಯಲ್ಲಿ ವೇಲ್ಸ್‌ನಲ್ಲಿ ವೆಲ್ಷ್ ಮಾತನಾಡಬಲ್ಲವರು ಶೇ 17.8 ಮಾತ್ರ. ಆ ಕಣಿವೆ ಇರುವ ಗ್ವಿನೆದ್ ಜಿಲ್ಲೆಯಲ್ಲಿ ಮಾತ್ರ ಈಗಲೂ ಹತ್ತರಲ್ಲಿ ಆರು ಜನಕ್ಕಿಂತ ಜಾಸ್ತಿ. ಆದರೆ ಹೊರಗಿನವರು ರಜೆ ಕಳೆಯಲು ಮನೆ ಕೊಳ್ಳುತ್ತಾರೆ, ಊರಿನ ಹುಡುಗ ಹುಡುಗಿಯರಿಗೆ ಆ ಬೆಲೆ ಎಟುಕುವುದಿಲ್ಲ. ಅಲ್ಲಿನ ಕೌನ್ಸಿಲ್ 2023ರಿಂದ ಇಂಥ ಎರಡನೇ ಮನೆಗಳಿಗೆ ಶೇ 150ರಷ್ಟು ಹೆಚ್ಚುವರಿ ತೆರಿಗೆ ಹಾಕುತ್ತಿದೆ. ಸರ್ಕಾರದ ದುಡ್ಡು, ಗಮನ ಎರಡೂ ಆ ಕಡೆ ಹೋಗಲಿ. ಗೋಡೆಯನ್ನು ಜನರೇ ನೋಡಿಕೊಳ್ಳುತ್ತಾರೆ.