ಹುಟ್ಟುವ ಮೊದಲು ಸುತ್ತೋಲೆ ಓದಿಕೊಳ್ಳಿ

ಎಸ್ಸೆಸ್ಸೆಲ್ಸಿ ಪಾಸಾಗಬೇಕಾದರೆ ಎಲ್ಲಕ್ಕಿಂತ ಮೊದಲು ಸರಿಯಾದ ವರ್ಷದಲ್ಲಿ ಹುಟ್ಟಿರಬೇಕು. ಓದುವುದು, ಬರೆಯುವುದು ಎಲ್ಲ ಆಮೇಲಿನ ಮಾತು. ಸಾಕ್ಷಿ ಬೇಕೆಂದವರು ಯಾವುದಾದರೂ ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರೌಢಶಾಲೆಗೆ ಹೋಗಿ, 2022ರಲ್ಲಿ ಎಂಟನೇ ತರಗತಿಗೆ ಸೇರಿ 2025ರಲ್ಲಿ ಹತ್ತು ಮುಗಿಸಿದ ಬ್ಯಾಚಿನ ಹಾಜರಿ ಪುಸ್ತಕ ತೆಗೆಸಿ ನೋಡಬಹುದು. ಸುಪ್ರೀಂ ಕೋರ್ಟಿನ ಮೆಟ್ಟಿಲವರೆಗೂ ಎಳೆದೊಯ್ದು ಪ್ರಯೋಗ ಮಾಡಿಸಿಕೊಂಡ ಇಂಥ ಬ್ಯಾಚು ಮತ್ತೆ ಸಿಗುವುದು ಕಷ್ಟ.

ಐದನೇ ತರಗತಿಯ ಕೊನೆಗೆ ಕೊರೊನಾ ಬಂದು ಪರೀಕ್ಷೆಯಿಲ್ಲದೆ ಪಾಸಾದ ಮಕ್ಕಳಿವರು. ಆರನೆಯದರಲ್ಲಿ ಒಂದಷ್ಟು ದಿನ ಗುಡಿಯ ಜಗಲಿ, ಅರಳಿಕಟ್ಟೆಗಳಲ್ಲಿ, ಶಾಲೆ ಮುಚ್ಚಿದ್ದಾಗ ಮೇಷ್ಟ್ರೇ ಊರಿಗೆ ಬಂದು ಪಾಠ ಮಾಡುವ ‘ವಿದ್ಯಾಗಮ’ ಕಂಡವರು. ಎಂಟಕ್ಕೆ ಬಂದಾಗ ಇಲಾಖೆಗೆ ಕನಿಕರ ಹುಟ್ಟಿತು. ಆ ವರ್ಷಕ್ಕೆ ‘ಕಲಿಕಾ ಚೇತರಿಕೆ’ ಎಂದು ನಾಮಕರಣ ಮಾಡಿ, ಬೇಸಿಗೆ ರಜೆ ಮೊಟಕುಗೊಳಿಸಿ, ಮೇ 16ಕ್ಕೇ ಶಾಲೆಯ ಬೀಗ ತೆಗೆಸಿದರು. ಮಕ್ಕಳು ಬಂದರು, ಮೇಷ್ಟ್ರೂ ಬಂದರು. ಪಠ್ಯಪುಸ್ತಕ ಮಾತ್ರ ಬರಲಿಲ್ಲ. ಅದು ಪರಿಷ್ಕರಣೆಯ ಗಲಾಟೆಯಲ್ಲಿ ಟಿವಿ ಚಾನೆಲ್‌ಗಳಲ್ಲಿ ಬಿಝಿಯಾಗಿತ್ತು. ಮರುವರ್ಷ ಸರ್ಕಾರ ಬದಲಾಯಿತು. ಅಷ್ಟರಲ್ಲಿ ಅಚ್ಚಾಗಿ ಹಂಚಿಯೂ ಆಗಿದ್ದ ಪುಸ್ತಕಕ್ಕೆ, ಈ ಪಾಠ ಬಿಡಿ, ಆ ಸಾಲು ತಿದ್ದಿಕೊಳ್ಳಿ ಎಂದು ಇನ್ನೊಂದು ಕಿರುಹೊತ್ತಿಗೆ ಬಂತು. ಇತಿಹಾಸ ಎಂದರೆ ಬದಲಾಗದ ವಿಷಯ ಎಂದುಕೊಂಡಿದ್ದ ಮಕ್ಕಳಿಗೆ ಸಿಕ್ಕ ಮೊದಲ ನಿಜವಾದ ಪಾಠ ಇದೇ ಇರಬೇಕು.

ಎಂಟನೇ ತರಗತಿಗೆ ಸೇರಿದವರಿಗೆ ಸೈಕಲ್ ಕೊಡುವ ಯೋಜನೆ 2006-07ರಿಂದ ಇತ್ತು. ಕೊರೊನಾ ನೆಪದಲ್ಲಿ ನಿಂತದ್ದು ಕೊರೊನಾ ಹೋದಮೇಲೂ ಎದ್ದಿರಲಿಲ್ಲ, ಹಾಗಾಗಿ ಇವರ ಪಾಲಿಗೆ ಸೈಕಲ್ ಇಲ್ಲ. ಶೂ ಉಂಟು: ವರ್ಷಕ್ಕೆ ಒಂದು ಜೊತೆ ಶೂ, ಎರಡು ಜೊತೆ ಕಾಲುಚೀಲ. ಎಂಟನೆಯವರಿಗೆ 295 ರೂಪಾಯಿ, ಒಂಬತ್ತು ಹತ್ತಕ್ಕೆ 325. ಎಸ್‌ಡಿಎಂಸಿಯವರು, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯವರು, ಸಭೆ ಸೇರಬೇಕು, ಕೊಟೇಶನ್ ತರಿಸಬೇಕು, ಮಗುವಿನ ಕಾಲಿನ ಅಳತೆ ಬರೆದುಕೊಳ್ಳಬೇಕು. ಹದಿಮೂರು ವರ್ಷದ ಹುಡುಗನ ಕಾಲಿಗೆ ಅನುದಾನ ಬಿಡುಗಡೆಯಾಗುವವರೆಗೆ ಬೆಳೆಯದೆ ನಿಂತಿರುವ ಶಿಸ್ತು ಇರುವುದಿಲ್ಲ. ಅಳತೆ ತೆಗೆದಾಗ ಐದು, ಶೂ ಬಂದಾಗ ಆರು. ಅನುಭವಸ್ಥ ಮುಖ್ಯೋಪಾಧ್ಯಾಯರು, ಅಂದರೆ ಹೆಚ್ಚೆಮ್‌ಗಳು ಮೊದಲೇ ಒಂದು ಸೈಜು ಜಾಸ್ತಿ ಬರೆಸಿಬಿಡುತ್ತಾರೆ. ಬಿಸಿಯೂಟದ ಮೊಟ್ಟೆಯ ಲೆಕ್ಕವೂ ಹೀಗೇ. ಒಂದಕ್ಕೆ 6 ರೂಪಾಯಿ ಕೊಟ್ಟು, ಕೊಳ್ಳುವುದರಿಂದ ಹಿಡಿದು ಬೇಯಿಸುವುದರ ತನಕ ಎಲ್ಲವನ್ನೂ ಅದರೊಳಗೇ ಮುಗಿಸಬೇಕು. ಸಿಪ್ಪೆ ಸುಲಿಯುವುದಕ್ಕೆ 30 ಪೈಸೆ. ಮೊಟ್ಟೆಯ ದರ ಸುತ್ತೋಲೆ ಓದುವುದಿಲ್ಲವಾದ್ದರಿಂದ ಅದು ಏರಿದಾಗ ವ್ಯತ್ಯಾಸದ ಹಣ ಹೆಚ್ಚೆಮ್ ಜೇಬಿನದು.

ಇನ್ನು ಪರೀಕ್ಷೆ. ಎಂಟನೇ ತರಗತಿಯವರಿಗೆ ಆ ವರ್ಷ ರಾಜ್ಯದ ಪರೀಕ್ಷಾ ಮಂಡಳಿಯಿಂದಲೇ ಪ್ರಶ್ನೆಪತ್ರಿಕೆ ಎಂದು ಘೋಷಣೆಯಾಯಿತು. ಆದರೆ ಯಾರನ್ನೂ ಫೇಲ್ ಮಾಡುವುದಿಲ್ಲವಂತೆ. ಹಾಗಿದ್ದರೆ ಇದ್ಯಾಕೆ ಎಂದು ಖಾಸಗಿ ಶಾಲೆಗಳವರು ಕೋರ್ಟಿಗೆ ಹೋದರು. 2023ರ ಮಾರ್ಚ್ 10ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ಸುತ್ತೋಲೆ ರದ್ದು ಮಾಡಿತು. 15ಕ್ಕೆ ವಿಭಾಗೀಯ ಪೀಠ ಆ ಆದೇಶವನ್ನೇ ತಡೆಹಿಡಿಯಿತು. 27ಕ್ಕೆ ಪರೀಕ್ಷೆ ಶುರು.

ಒಂಬತ್ತನೆಯದರಲ್ಲಿ ಇದೇ ನಾಟಕ, ಪ್ರವೇಶಗಳು ಮಾತ್ರ ಹೆಚ್ಚು. 2024ರ ಮಾರ್ಚ್ 6ಕ್ಕೆ ಪರೀಕ್ಷೆ ರದ್ದು. 7ಕ್ಕೆ ರದ್ದತಿಗೆ ತಡೆ. 11ಕ್ಕೆ ಪರೀಕ್ಷೆ ಆರಂಭ. 12ಕ್ಕೆ ಸುಪ್ರೀಂ ಕೋರ್ಟ್ ಆ ತಡೆಯನ್ನೇ ತೆಗೆದುಹಾಕಿದ್ದರಿಂದ ಉಳಿದ ಪತ್ರಿಕೆಗಳು ಮುಂದಕ್ಕೆ. ಭಾಷೆ ಬರೆದಾಯಿತು, ಗಣಿತ ಇದೆಯೋ ಇಲ್ಲವೋ ಗೊತ್ತಿಲ್ಲ. ಪುಸ್ತಕ ಮುಚ್ಚಿಡುವುದೇ, ತೆರೆದಿಡುವುದೇ? 22ಕ್ಕೆ ವಿಭಾಗೀಯ ಪೀಠ ‘ನಡೆಸಿ’ ಎಂದಿತು, 25ಕ್ಕೆ ಮತ್ತೆ ಶುರು. ಅಂದೇ ಹತ್ತನೆಯವರ ಎಸ್ಸೆಸ್ಸೆಲ್ಸಿಯೂ ಶುರುವಾಗಿ, ಒಂದೇ ಕಟ್ಟಡ, ಒಂದೇ ಬೆಂಚು, ಒಂದೇ ಮೇಷ್ಟ್ರು ಎರಡೂ ಪರೀಕ್ಷೆಗೆ ಪಾಳಿಯಲ್ಲಿ ದುಡಿಯಬೇಕಾಯಿತು. ಫಲಿತಾಂಶಕ್ಕೆ ಗೊತ್ತುಮಾಡಿದ್ದ ಏಪ್ರಿಲ್ 8ರಂದೇ ಸುಪ್ರೀಂ ಕೋರ್ಟ್ ಫಲಿತಾಂಶ ಪ್ರಕಟಿಸಬೇಡಿ ಎಂದಿತು. ಬೋರ್ಡಿಗೆ ಪಟ್ಟಿ ಅಂಟಿಸಿದ್ದವರು ಅದನ್ನು ಕಿತ್ತರು. ಅಂಟು ಒಣಗುವಷ್ಟು ಹೊತ್ತು ಆಯುಷ್ಯವಿದ್ದ ಫಲಿತಾಂಶ ಅದು. ಪರೀಕ್ಷೆ ಬರೆದದ್ದು ಖರೆ, ಪಾಸಾದದ್ದು ಹೇಗೆಂದು ಕೇಳಬಾರದು. ಜೂನ್‌ನಲ್ಲಿ ಎಲ್ಲರೂ ಹತ್ತನೇ ತರಗತಿಯಲ್ಲಿ ಕೂತಿದ್ದರು.

ಹತ್ತನೇ ತರಗತಿ ಎಂದರೆ ಕಲಿಸುವ ವರ್ಷವಲ್ಲ, ಜಿಲ್ಲೆಯ ಸ್ಥಾನ ಕಾಪಾಡುವ ವರ್ಷ. ಜಿಲ್ಲೆಯ ಶಿಕ್ಷಣಾಧಿಕಾರಿ ಡಿಡಿಪಿಐಗೆ ಜಿಲ್ಲಾ ಪಂಚಾಯಿತಿಯ ಸಿಇಓ ಕೇಳುತ್ತಾರೆ, ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಓಗೆ ಡಿಡಿಪಿಐ, ಹೆಚ್ಚೆಮ್‌ಗೆ ಬಿಇಓ. ಹೆಚ್ಚೆಮ್ ಕೇಳುವುದು ಗಣಿತದ ಮೇಷ್ಟ್ರನ್ನು. ಆ ಹುದ್ದೆ ಖಾಲಿಯಿದ್ದರೆ ಆ ವರ್ಷ ತಿಂಗಳಿಗೆ 10,500 ರೂಪಾಯಿ ಗೌರವಧನವಿದ್ದ ಅತಿಥಿ ಶಿಕ್ಷಕರು ಉತ್ತರ ಕೊಡಬೇಕಿತ್ತು, ಆ ಗೌರವಧನವೂ ತಿಂಗಳಿಗೊಮ್ಮೆ ಬರುವ ಪದ್ಧತಿ ಇಟ್ಟುಕೊಂಡಿರಲಿಲ್ಲ. ಕ್ರಿಯಾಯೋಜನೆ ಮಾತ್ರ ಭರ್ಜರಿ. ಬೆಳಗ್ಗೆ ಐದಕ್ಕೆ ಮನೆಗೆ ಮಿಸ್ಡ್ ಕಾಲ್, ಸಂಜೆ ವಿಶೇಷ ತರಗತಿ, ಒಬ್ಬೊಬ್ಬ ಶಿಕ್ಷಕರಿಗೆ ಇಷ್ಟಿಷ್ಟು ಮಕ್ಕಳು ದತ್ತು, ಮನೆ ಭೇಟಿ. ಭೇಟಿಯ ಫೋಟೋ ತಾಲ್ಲೂಕು ಗ್ರೂಪಿಗೆ ಹಾಕದಿದ್ದರೆ ಭೇಟಿ ನಡೆದಿಲ್ಲವೆಂದೇ ಅರ್ಥ.

ಇಷ್ಟೆಲ್ಲದರ ತಿರುಳು ‘ಪಾಸಿಂಗ್ ಪ್ಯಾಕೇಜ್’. ಪ್ರಥಮ ಭಾಷೆ ಬಿಟ್ಟರೆ ಬರಹದ ಪತ್ರಿಕೆ 80 ಅಂಕದ್ದು, ಪಾಸಿಗೆ ಆಗ 28 ಬೇಕಿತ್ತು. ಪಠ್ಯವೆಲ್ಲ ಬಿಟ್ಟು ಆ 28 ಎಲ್ಲಿ ಸಿಗುತ್ತದೆಂದು ಹುಡುಕುವ ಶಾಸ್ತ್ರವಿದು. ಗಣಿತದಲ್ಲಿ ಗ್ರಾಫ್‌ಗೆ 4. ಎರಡೂ ಸಮೀಕರಣಕ್ಕೆ ಕೋಷ್ಟಕ ಹಾಕಿ, ಬಿಂದು ಗುರುತಿಸಿ, ಗೆರೆ ಎಳೆದು, ಅವು ಕತ್ತರಿಸುವ ಜಾಗ ಬರೆದರೆ ಮುಗಿಯಿತು. ಹುಡುಗರು ಸೋಲುವುದು ಒಂದೇ ಕಡೆ: x ಜಾಗದಲ್ಲಿ ಋಣ ಸಂಖ್ಯೆ ಹಾಕಿದಾಗ ಚಿಹ್ನೆ ನುಂಗಿಬಿಡುತ್ತಾರೆ, ಗೆರೆ ಹಾಳೆಯಿಂದಾಚೆ ಓಡುತ್ತದೆ. ಆದ್ದರಿಂದ ಸೊನ್ನೆ, ಒಂದು, ಎರಡು ಬಿಟ್ಟು ಬೇರೆ ಬೆಲೆ ಹಾಕಲೇಬೇಡಿ ಎಂಬುದು ಪ್ಯಾಕೇಜಿನ ಆಜ್ಞೆ. ಥೇಲ್ಸ್ ಪ್ರಮೇಯ ಅಕ್ಷರ ಬಿಡದೆ ಬಾಯಿಪಾಠ. ಚಿತ್ರದಲ್ಲಿ ಎ ಬಿ ಸಿ ಬದಲು ಪಿ ಕ್ಯೂ ಆರ್ ಬಂದರೆ ಅಲ್ಲಿಗೆ ಥೇಲ್ಸ್ ಕೈಕೊಟ್ಟ. ಸಮಾಜದಲ್ಲಿ ಭಾರತದ ನಕ್ಷೆಗೆ 5 ಅಂಕ. ಗುಜರಾತಿನ ಮೂತಿ ಸರಿಯಾಗಿ ಬಂದು, ಕೇಳಿದ ಜಾಗದಲ್ಲಿ ಚುಕ್ಕಿ ಬಿದ್ದರೆ ದೇಶ ಸುರಕ್ಷಿತ. ವಿಜ್ಞಾನಕ್ಕೆ ಕಣ್ಣು, ಮೆದುಳು, ಹೃದಯದ ಚಿತ್ರ. ಹೃದಯ ಬಿಡಿಸುತ್ತಾರೆ, ಭಾಗಗಳನ್ನೂ ಬರೆಯುತ್ತಾರೆ, ಎಡ ಬಲ ಅದಲು ಬದಲು. ಕನ್ನಡದಲ್ಲಿ ಕೈಹಿಡಿಯುವುದು ಪತ್ರ, ಗಾದೆ, ಪ್ರಬಂಧ. ‘ಇಂದ’, ‘ಗೆ’, ‘ಮಾನ್ಯರೇ’, ವಿಷಯ, ಸ್ಥಳ, ದಿನಾಂಕ, ಸಹಿ ಇದ್ದರೆ ಒಡಲಲ್ಲಿ ಏನಿದೆಯೆಂದು ಯಾರೂ ಇಣುಕಬೇಕಾಗಿಲ್ಲ. ನಿಜ ಹೇಳಬೇಕೆಂದರೆ ಸರ್ಕಾರಿ ಪತ್ರವ್ಯವಹಾರಕ್ಕೆ ಇದಕ್ಕಿಂತ ಒಳ್ಳೆಯ ತರಬೇತಿ ಇಲ್ಲ.

ಇದರ ನಡುವೆ ನಾಮಿನಲ್ ರೋಲ್, ಅಂದರೆ ಪರೀಕ್ಷೆಗೆ ಕೂರುವವರ ಹೆಸರಿನ ಪಟ್ಟಿಯ ತಿದ್ದುಪಡಿ. ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಮಂಜುನಾಥ, ಆಧಾರಿನಲ್ಲಿ ಮಂಜುನಾಥ್, ಒಂದನೇ ತರಗತಿಯ ದಾಖಲಾತಿಯಲ್ಲಿ ಮಂಜು. ಅಪ್ಪನ ಇನಿಷಿಯಲ್ ಒಂದರಲ್ಲಿ ಹೆಸರಿನ ಹಿಂದೆ, ಇನ್ನೊಂದರಲ್ಲಿ ಮುಂದೆ. ಸರ್ವರ್ ಮಲಗುವ ಮುನ್ನ ಇವು ಮೂರೂ ಒಬ್ಬನೇ ಹುಡುಗ ಎಂದು ಸಾಬೀತಾಗಬೇಕು. ಹುಡುಗ ಎದುರಿಗೇ ನಿಂತಿರುತ್ತಾನೆ, ಅದು ದಾಖಲೆಯಲ್ಲ.

2025ರ ಮಾರ್ಚ್ 21ಕ್ಕೆ ಮೂರು ಅವಕಾಶಗಳಲ್ಲಿ ಮೊದಲನೆಯದಾದ ಪರೀಕ್ಷೆ-1 ಬಂತು. ಕೊಠಡಿ ಕೊಠಡಿಗೂ ಕ್ಯಾಮೆರಾ, ಜಿಲ್ಲಾ ಕೇಂದ್ರದಲ್ಲಿ ಪರದೆ, ಪರದೆ ಮುಂದೆ ಅಧಿಕಾರಿಗಳು. ಮೂರು ವರ್ಷದಲ್ಲಿ ಮೇಲಿನವರು ಆ ತರಗತಿಯೊಳಗೆ ಇಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು. ವೆಬ್‌ಕಾಸ್ಟಿಂಗ್ ಶುರುವಾದದ್ದು ಹಿಂದಿನ ವರ್ಷ. ಆಗ ಫಲಿತಾಂಶ 83.89ರಿಂದ 73.40ಕ್ಕೆ ಜಾರಿತ್ತು. ಅದೂ 20 ಶೇಕಡಾ ಕೃಪಾಂಕ ಸುರಿದ ಮೇಲೆ. ಹೀಗೆ ಕೃಪೆ ತೋರಲು ಹೇಳಿದವರು ಯಾರು ಎಂದು ಮುಖ್ಯಮಂತ್ರಿಗಳೇ ಗದರಿದ ಮೇಲೆ ಕೃಪೆ ನಿಂತಿತು. ನಿಂತದ್ದು ಸರಿಯಾಗಿ ಈ ಬ್ಯಾಚಿನ ನೆತ್ತಿಯ ಮೇಲೆ. ಶಾಲೆಯಿಂದ ನೇರ ಬರೆದವರಲ್ಲಿ ಪಾಸಾದದ್ದು 66.14 ಶೇಕಡಾ. ಕ್ಯಾಮೆರಾ ಇಲ್ಲದಿದ್ದ ಕಾಲದಲ್ಲಿ ಮಕ್ಕಳು ಅಷ್ಟು ಬುದ್ಧಿವಂತರಾಗಿದ್ದದ್ದು ಹೇಗೆಂಬ ಬಗ್ಗೆ ಸಂಶೋಧನೆ ಆಗಬೇಕಿತ್ತು. ಯಾರೂ ಮುಂದೆ ಬಂದ ಹಾಗಿಲ್ಲ.

ಮೇಲಿನ ಬ್ಯಾಚಿನವರು ಕೃಪಾಂಕ ಪಡೆದು ದಾಟಿದರು ಎಂದು ಇವರು ಹೊಟ್ಟೆ ಉರಿದುಕೊಳ್ಳುವ ಹೊತ್ತಿಗೆ ಕೆಳಗಿನ ಬ್ಯಾಚಿಗೆ ಬಾಗಿಲೇ ಅಗಲವಾಯಿತು. 2025ರ ಅಕ್ಟೋಬರಿನ ಪ್ರಕಟಣೆಯ ಪ್ರಕಾರ ಇನ್ನು ಮುಂದೆ 625ಕ್ಕೆ 206 ಬಂದರೆ ಪಾಸು. ಬರಹ, ಆಂತರಿಕ ಎರಡೂ ಸೇರಿ ಒಟ್ಟು 33 ಶೇಕಡಾ, ಒಂದೊಂದು ವಿಷಯಕ್ಕೆ ಕನಿಷ್ಠ 30. ಆಂತರಿಕ ಅಂಕ ಪ್ರಥಮ ಭಾಷೆಗೆ 25, ಮಿಕ್ಕ ಐದಕ್ಕೆ ಇಪ್ಪತ್ತಿಪ್ಪತ್ತು, ಕೂಡಿದರೆ 125. ಅದನ್ನು ಕೊಡುವವರು ಶಾಲೆಯವರೇ. ಪ್ರಾಜೆಕ್ಟಿನ ಹಾಳೆಗೆ ರಟ್ಟು ಹಾಕಿ ಹೆಸರು ಬರೆದು ತಂದವನಿಗೆ ಕೊಡದಷ್ಟು ಕಲ್ಲುಮನಸ್ಸಿನವರು ಇಲಾಖೆಯಲ್ಲಿ ಇಲ್ಲ. 206ರಲ್ಲಿ 125 ಕಳೆಯಿರಿ. ಉತ್ತರಪತ್ರಿಕೆಯಲ್ಲಿ ಬೇಕಾದದ್ದು 500ಕ್ಕೆ 81. ಗುಣಮಟ್ಟ ಸುಧಾರಿಸುವ ಇಷ್ಟು ಸರಳ ಉಪಾಯ ಹಿಂದಿನವರಿಗೆ ಹೊಳೆಯದೆ ಹೋದದ್ದೇ ಸೋಜಿಗ.

ಬೇರೆ ವಿಷಯಗಳಲ್ಲೆಲ್ಲ ಪಾಸಾಗಿ, ಗಣಿತದ ಬರಹದಲ್ಲಿ 22, ಆಂತರಿಕದಲ್ಲಿ 20 ತೆಗೆದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ನೂರಕ್ಕೆ 42. 2024ರಲ್ಲಿ ಕೊರತೆಯ ಆರು ಅಂಕ ಕೃಪೆಯಿಂದ ಸೇರಿ ಅವನು ಪಾಸು. 2026ರಲ್ಲಿ ಯಾರ ಕೃಪೆಯೂ ಬೇಡ, ಪಾಸು. 2025ರಲ್ಲಿ ಬರಹದ 28 ಮುಟ್ಟಲಿಲ್ಲವೆಂದು ಫೇಲು. ಬೇಕಿದ್ದರೆ ಮೇ ಕೊನೆಗೆ ಪರೀಕ್ಷೆ-2, ಜುಲೈನಲ್ಲಿ ಪರೀಕ್ಷೆ-3 ಬರೆಯಲಿ ಎನ್ನುತ್ತಾರೆ. ಪಿಯು ಕಾಲೇಜು ಜೂನ್ 2ಕ್ಕೇ ಶುರುವಾಗಿದ್ದು, ಅಷ್ಟೊತ್ತಿಗೆ ಅಲ್ಲಿ ಎರಡು ಪಾಠ ಮುಗಿದಿರುತ್ತವೆ ಎಂಬುದು ಬೇರೆ ಇಲಾಖೆಯ ಕಡತ. 42 ತೆಗೆದ ಅಣ್ಣ ಕಾಯುವುದು ಬೇಡವೆಂದು ಗ್ಯಾರೇಜಿಗೆ ಸೇರಿಕೊಳ್ಳುತ್ತಾನೆ. ಮರುವರ್ಷ 33 ತೆಗೆದ ತಮ್ಮ ಪಿಯುಸಿಗೆ ಸೈನ್ಸೇ ಬೇಕೆಂದು ಮನೆಯಲ್ಲಿ ಹಟ ಹಿಡಿದು ಕೂರುತ್ತಾನೆ.